ನನ್ನ ಡೈರಿಯೇ ನನ್ನ ಪ್ರಮೋಷನ್‌ಗೆ ಅಡ್ಡ ನಿಂತಿತ್ತು

2016ರ ಏಪ್ರಿಲ್. ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ನಾನು ಸಿಎನ್‌ಸಿ ಲೇತ್ (ಕಂಪ್ಯೂಟರ್ ಪ್ರೋಗ್ರಾಂ ಪ್ರಕಾರ ಲೋಹದ ತುಂಡನ್ನು ತಿರುಗಿಸಿ ಕೊರೆಯುವ ಮೆಷಿನ್) ಆಪರೇಟರ್. ಸೇರಿ ಏಳು ವರ್ಷ ಆಗಿತ್ತು. ಬೆಳಗಿನ ಶಿಫ್ಟ್ ಮುಗಿಸಿ ಕೈ ತೊಳೆಯಲು ಹೋಗುವಾಗ ನೋಟಿಸ್ ಬೋರ್ಡ್ ಮುಂದೆ ನಾಲ್ಕು ಜನ ನಿಂತಿದ್ದರು. ಹೊಸ ಶಿಫ್ಟ್ ಇನ್‌ಚಾರ್ಜ್ ಹೆಸರು ಹಾಕಿದ್ದರು. ನನ್ನದಲ್ಲ. ನನಗಿಂತ ಮೂರು ವರ್ಷ ಆಮೇಲೆ ಸೇರಿದ ಹುಡುಗನದು. ಅವನಿಗೆ ಟಿಪ್, ಅಂದರೆ ಲೋಹ ಕೊರೆಯುವ ಚೂಪು ತುದಿ, ಬದಲಾಯಿಸುವುದನ್ನು ಹೇಳಿಕೊಟ್ಟವನೇ ನಾನು.

ಅವತ್ತು ಟೀ ಕೂಡ ಕುಡಿಯಲಿಲ್ಲ. ಸೀದಾ ಪ್ರೊಡಕ್ಷನ್ ಮ್ಯಾನೇಜರ್ ಕ್ಯಾಬಿನ್‌ಗೆ ನುಗ್ಗಿದೆ. "ಸಾರ್, ವರ್ಷದ ಕೌಂಟ್ ತೆಗೆದು ನೋಡಿ. ಇಡೀ ಲೈನ್‌ನಲ್ಲಿ ನನ್ನಷ್ಟು ಪೀಸ್ ಯಾರು ತೆಗೆದಿದ್ದಾರೆ?" ಅಂದೆ. ದನಿ ಸ್ವಲ್ಪ ಏರಿತ್ತು.

ಅವರು ಕೂಗಾಡಲಿಲ್ಲ. "ಹೋದ ತಿಂಗಳು ಜಾತ್ರೆ ಅಂತ ನಾಲ್ಕು ದಿನ ಊರಿಗೆ ಹೋಗಿದ್ದೆ ಅಲ್ವಾ? ಆ ನಾಲ್ಕು ದಿನ ನಿನ್ನ ಮೆಷಿನ್ ಎಷ್ಟು ಪೀಸ್ ಕೊಡ್ತು, ಗೊತ್ತಾ?"

ಗೊತ್ತಿರಲಿಲ್ಲ.

"ಎರಡು ದಿನ ನಿಂತೇ ಇತ್ತು. ಮೂರನೇ ದಿನ ನಿನಗೇ ಫೋನ್ ಮಾಡಿ, ಕೇಳಿಕೊಂಡು ಸೆಟ್ಟಿಂಗ್ ಮಾಡಿದ್ರು. ಈಗ ನಿನ್ನನ್ನ ಅಲ್ಲಿಂದ ಎತ್ತಿ ಇನ್‌ಚಾರ್ಜ್ ಮಾಡಿದ್ರೆ ಆ ಮೆಷಿನ್ ಹತ್ರ ಯಾರನ್ನ ನಿಲ್ಲಿಸಲಿ, ನೀನೇ ಹೇಳಪ್ಪ."

ಆ ಫೋನ್ ನನಗೆ ಚೆನ್ನಾಗಿ ನೆನಪಿತ್ತು. ತೇರು ಎಳೆಯುವ ಹೊತ್ತಿಗೆ ಬಂದಿತ್ತು. ನೆಂಟರೆಲ್ಲ ಸುತ್ತ ಇದ್ದರು. ಫೋನ್ ಇಟ್ಟ ಮೇಲೆ "ನೋಡಿ, ನಾನಿಲ್ಲ ಅಂದ್ರೆ ಕಂಪನಿ ನಡೆಯಲ್ಲ" ಅಂತ ಕೊಚ್ಚಿಕೊಂಡಿದ್ದೆ.

ಇಲ್ಲಿ ನನ್ನ ಡೈರಿ ವಿಷಯ ಹೇಳಬೇಕು. ಯಾವುದೋ ಸೊಸೈಟಿಯವರು ಹೊಸ ವರ್ಷಕ್ಕೆ ಕೊಟ್ಟ ನೀಲಿ ಡೈರಿ. ಯಾವ ಜಾಬ್‌ಗೆ (ಅಂದರೆ ಮೆಷಿನ್‌ನಲ್ಲಿ ಮಾಡುವ ಪೀಸ್‌ಗೆ) ಅದನ್ನು ಕಚ್ಚಿ ಹಿಡಿಯುವ ಸಾಫ್ಟ್ ಜಾ ಎಷ್ಟಕ್ಕೆ ಬೋರ್ ಮಾಡಬೇಕು, ಆ ಜಾಗಳನ್ನು ಬಿಗಿಯುವ ಚಕ್‌ನ ಪ್ರೆಷರ್ ಎಷ್ಟು ಇಟ್ಟರೆ ತೆಳು ಪೀಸ್ ಅಮುಕಿ ಹೋಗಲ್ಲ, ಬೆಳಿಗ್ಗೆ ಮೆಷಿನ್ ತಣ್ಣಗಿರುವಾಗ ಮೊದಲ ಹತ್ತು ಪೀಸ್ ಸೈಜ್ ಎಷ್ಟು ಓಡುತ್ತದೆ, ಎಲ್ಲ ಅದರಲ್ಲಿತ್ತು. ಯಾರಿಗೂ ಅರ್ಥ ಆಗಬಾರದು ಅಂತ ಪಾರ್ಟ್ ನಂಬರ್ ಬದಲು ನಮ್ಮೂರಿನ ಹೊಲಗಳ ಹೆಸರು ಬರೆದಿದ್ದೆ. ಕೆರೆ ಹಿಂದಿನದು, ಬೇಲಿ ಪಕ್ಕದ್ದು, ಹೀಗೆ. ಡೈರಿ ಟೂಲ್ ಟ್ರಾಲಿಯ ಒಳಗೆ, ಟ್ರಾಲಿಗೆ ಬೀಗ, ಕೀಲಿ ನನ್ನ ಉಡಿದಾರದಲ್ಲಿ.

ಈ ಬುದ್ಧಿ ನನಗೆ ಬಂದಿದ್ದು ನನ್ನ ಸೀನಿಯರ್‌ನಿಂದ. ಅವರು ಆಫ್‌ಸೆಟ್ (ಸೈಜ್ ಸರಿಪಡಿಸುವ ನಂಬರ್) ಹಾಕುವಾಗ ಸ್ಕ್ರೀನ್‌ಗೆ ಬೆನ್ನು ಅಡ್ಡ ಕೊಟ್ಟು ನಿಲ್ಲುತ್ತಿದ್ದರು. ನಾವು ಕತ್ತು ಉದ್ದ ಮಾಡಿ ಇಣುಕಬೇಕಿತ್ತು. "ಎಲ್ಲ ಹೇಳಿಕೊಟ್ರೆ ನಾಳೆ ನಮ್ಮನ್ನ ಯಾರು ಕೇಳ್ತಾರೆ" ಅನ್ನುತ್ತಿದ್ದರು. ಅವರು ಆಪರೇಟರ್ ಆಗಿಯೇ ರಿಟೈರ್ ಆದರು. ಆಗ ನನಗೆ ಇದು ಹೊಳೆದಿರಲಿಲ್ಲ.

ಮ್ಯಾನೇಜರ್ ಮಾತು ಅವತ್ತೇ ತಲೆಗೆ ಹೋಯ್ತು ಅಂದ್ರೆ ಸುಳ್ಳು. ಸಿಟ್ಟು ಬಂತು. ಕೆಲಸ ಬಿಡ್ತೀನಿ ಅಂತ ತೀರ್ಮಾನ ಮಾಡಿ ಜಾಲಹಳ್ಳಿ ಕ್ರಾಸ್ ಹತ್ತಿರದ ಇನ್ನೊಂದು ಶಾಪ್‌ಗೆ ಸೆಟ್ಟರ್ ಕೆಲಸಕ್ಕೆ ಇಂಟರ್‌ವ್ಯೂ ಹೋದೆ. ಅಲ್ಲಿ ಒಬ್ಬ ವಯಸ್ಸಾದವರು ಒಂದು ಡ್ರಾಯಿಂಗ್ ಮುಂದಿಟ್ಟರು. ಒಂದು ಚೌಕದೊಳಗೆ ಓರೆ ಬಾಣ ಒಂದಿತ್ತು. ಅದರ ಕೆಳಗೆ ಇನ್ನೊಂದು ಚೌಕ, ಅದರಲ್ಲಿ ಜೋಡಿ ಬಾಣ. "ಇವೆರಡಕ್ಕೆ ಏನು ವ್ಯತ್ಯಾಸ?" ಅಂತ ಕೇಳಿದರು.

ಎರಡೂ ರನೌಟ್, ಅಂದರೆ ತಿರುಗುವಾಗ ಜಾಬ್ ಎಷ್ಟು ಓಲಾಡುತ್ತದೆ ಅನ್ನೋದರ ಗುರುತು ಅಂತ ಗೊತ್ತಿತ್ತು. ಏಳು ವರ್ಷ ಡಯಲ್ (ಮುಳ್ಳಿರುವ ಅಳತೆ ಸಾಧನ) ಹಚ್ಚಿ ರನೌಟ್ ನೋಡಿದವನು ನಾನು. ಆದರೆ ಜೋಡಿ ಬಾಣ ಯಾಕೆ ಅಂತ ಯಾವತ್ತೂ ಕೇಳಿಕೊಂಡಿರಲಿಲ್ಲ. ತಡವರಿಸಿದೆ. ಅವರೇ ನಿಧಾನವಾಗಿ ಹೇಳಿದರು. ಒಂಟಿ ಬಾಣ ಅಂದರೆ ಡಯಲ್ ಒಂದೇ ಜಾಗದಲ್ಲಿ ಇಟ್ಟು ಜಾಬ್ ಒಂದು ಸುತ್ತು ತಿರುಗಿಸಿ ನೋಡುವುದು. ಬೇರೆ ಜಾಗದಲ್ಲಿ ಮತ್ತೆ ಹೊಸದಾಗಿ ನೋಡಬಹುದು. ಜೋಡಿ ಬಾಣ ಅಂದರೆ ಜಾಬ್ ತಿರುಗುತ್ತಿರುವಾಗಲೇ ಡಯಲ್ ಅನ್ನು ಉದ್ದಕ್ಕೂ ಸರಿಸಿಕೊಂಡು ಹೋಗಬೇಕು. ಇಡೀ ಉದ್ದಕ್ಕೆ ಮುಳ್ಳು ಆಡುವುದು ಆ ಮಿತಿಯೊಳಗೇ ಇರಬೇಕು. ಪೀಸ್ ಸ್ವಲ್ಪ ಟೇಪರ್ ಆಗಿದ್ದರೆ, ಅಂದರೆ ಒಂದು ತುದಿ ದಪ್ಪ ಇನ್ನೊಂದು ಸಣ್ಣ ಇದ್ದರೆ, ಮೊದಲನೆಯದರಲ್ಲಿ ಪಾಸ್ ಆಗಬಹುದು, ಎರಡನೆಯದರಲ್ಲಿ ಸಿಕ್ಕಿಬೀಳುತ್ತದೆ. "ಕೈ ಚೆನ್ನಾಗಿದೆ ನಿಂದು. ಡ್ರಾಯಿಂಗ್ ಕಲಿ" ಅಂದು ಕಳಿಸಿದರು.

ಮೆಟ್ರೋ ಹತ್ತಲಿಲ್ಲ. ದಾಸರಹಳ್ಳಿ ರೂಮ್‌ವರೆಗೂ ತುಮಕೂರು ರಸ್ತೆ ಪಕ್ಕದಲ್ಲಿ ನಡೆದುಕೊಂಡೇ ಹೋದೆ. ಫ್ಲೈಓವರ್ ಕೆಳಗೆ ಲಾರಿಗಳ ಸದ್ದು. ಆ ಸದ್ದಿನಲ್ಲಿ ಒಂದು ವಿಷಯ ಮಾತ್ರ ಸ್ಪಷ್ಟ ಆಯ್ತು. ನನಗೆ ಗೊತ್ತಿದ್ದಿದ್ದು ನನ್ನ ಮೆಷಿನ್. ಕೆಲಸ ಅಲ್ಲ.

ಭಾನುವಾರದ ಕ್ಲಾಸ್‌ಗೆ ಸೇರಿದೆ. ಬೆಳಿಗ್ಗೆ ಒಂಬತ್ತರಿಂದ ಒಂದು ಗಂಟೆವರೆಗೆ ಡ್ರಾಯಿಂಗ್ ಓದುವುದು, ಅಳತೆ, ಪ್ರೋಗ್ರಾಮಿಂಗ್. ಅದುವರೆಗೆ ಜಿ 71 ಸೈಕಲ್ (ಹೆಚ್ಚಿನ ಲೋಹವನ್ನು ಪದರ ಪದರವಾಗಿ ಕೊರೆದು ತೆಗೆಯುವ ಆದೇಶ) ಅನ್ನು ಬೇರೆಯವರ ಪ್ರೋಗ್ರಾಂನಿಂದ ಕಾಪಿ ಹೊಡೆದು ನಂಬರ್ ಬದಲಾಯಿಸುತ್ತಿದ್ದೆ ಅಷ್ಟೇ. ಕ್ಲಾಸಿನಲ್ಲಿ ಡಿಪ್ಲೊಮಾ ಹುಡುಗರ ಮಧ್ಯೆ ನಾನೊಬ್ಬನೇ ಮೂವತ್ತು ದಾಟಿದವನು. ನಾಚಿಕೆ ಆಗುತ್ತಿತ್ತು. ನಾಲ್ಕನೇ ವಾರದ ಹೊತ್ತಿಗೆ ಅವರೇ ನನ್ನ ಹತ್ತಿರ ಬಂದು "ಅಣ್ಣ, ಶಾಪ್‌ನಲ್ಲಿ ನಿಜವಾಗ್ಲೂ ಹೀಗೇ ಮಾಡ್ತಾರಾ?" ಅಂತ ಕೇಳೋಕೆ ಶುರು ಮಾಡಿದರು. ಎಕ್ಸೆಲ್ ಅನ್ನು ಭಾಮೈದನ ಲ್ಯಾಪ್‌ಟಾಪ್‌ನಲ್ಲಿ ಕಲಿತೆ. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಸುಮ್ನೆ ಕೂತು ಮಾಡಿದರೆ ಬರುತ್ತದೆ.

ಕಷ್ಟ ಆಗಿದ್ದು ಡೈರಿ ಬಿಚ್ಚುವುದು. ನಾನಾಗಿಯೇ ಮ್ಯಾನೇಜರ್ ಹತ್ತಿರ ಹೋಗಿ, ನನ್ನ ಮೆಷಿನ್‌ನ ಎಲ್ಲ ಜಾಬ್‌ಗೂ ಸೆಟ್ಟಿಂಗ್ ಶೀಟ್ ಮಾಡ್ತೀನಿ ಸಾರ್ ಅಂದೆ. ಅವರು ಮುಖ ನೋಡಿ "ಮಾಡು" ಅಂದರು, ಅಷ್ಟೇ. ಮೊದಲ ಶೀಟ್ ಕನ್ನಡದಲ್ಲಿ ಎರಡು ಪುಟ ತುಂಬ ಬರೆದೆ. ಪಕ್ಕದ ಮೆಷಿನ್‌ನ ಒಡಿಶಾ ಹುಡುಗನಿಗೆ ಕೊಟ್ಟೆ. ಅವನು ಹಿಂದೆ ಮುಂದೆ ತಿರುಗಿಸಿ ನೋಡಿ ನಕ್ಕ. ನಾನು ಹೊಲದ ಹೆಸರು ಹಾಕಿ ಬರೆದಿದ್ದರೂ ಅವನಿಗೆ ಅಷ್ಟೇ, ಈಗಲೂ ಅಷ್ಟೇ.

ಆಮೇಲೆ ಅಕ್ಷರ ಕಡಿಮೆ ಮಾಡಿದೆ. ಚಕ್‌ನ ಚಿತ್ರ, ಜಾಬ್ ಎಲ್ಲಿವರೆಗೆ ಒಳಗೆ ಹೋಗಬೇಕು ಅಂತ ಬಾಣ, ನಂಬರ್‌ಗಳು, ತಪ್ಪು ಕೂರಿಸಿದರೆ ಹೇಗೆ ಕಾಣುತ್ತದೆ ಅಂತ ಒಂದು ಫೋಟೋ, ಅದರ ಮೇಲೆ ಕೆಂಪು ಕ್ರಾಸ್. ಕೆಳಗೆ ಮಾಡಿದವರು ಅಂತ ನನ್ನ ಹೆಸರು, ತಾರೀಕು. ಪ್ಲಾಸ್ಟಿಕ್ ಕವರ್‌ಗೆ ಹಾಕಿ ಮೆಷಿನ್ ಬಾಗಿಲಿಗೆ ನೇತು ಹಾಕಿದೆ. ಆ ಹುಡುಗ ನೋಡಿಕೊಂಡು ತಾನೇ ಸೆಟ್ ಮಾಡಿದ. ಮೊದಲ ಸಲ ಮೂರು ಗಂಟೆ ತಗೊಂಡ. ನಾನು ಕೈ ಕಟ್ಟಿಕೊಂಡು ಹಿಂದೆ ನಿಂತಿದ್ದೆ. ಕೈ ಕಟ್ಟಿಕೊಂಡು ನಿಲ್ಲುವುದು ಎಷ್ಟು ಕಷ್ಟದ ಕೆಲಸ ಅಂತ ಅವತ್ತು ಗೊತ್ತಾಯ್ತು.

ಮುಂದಿನ ಬೇಸಿಗೆಯಲ್ಲಿ ತಂಗಿ ಮದುವೆಗೆ ಆರು ದಿನ ರಜೆ ಹಾಕಿದೆ. ಒಂದೇ ಒಂದು ಫೋನ್ ಬರಲಿಲ್ಲ. ಚಪ್ಪರದ ಕೆಳಗೆ ಕೂತು ಎರಡು ಸಲ ಮೊಬೈಲ್ ತೆಗೆದು ಸಿಗ್ನಲ್ ಇದೆಯಾ ಅಂತ ನೋಡಿದೆ. ಖುಷಿ ಆಗಬೇಕಿತ್ತು. ಹೊಟ್ಟೆಯಲ್ಲಿ ಒಂಥರಾ ಸಂಕಟ ಆಯ್ತು.

ಇಷ್ಟು ಮಾಡಿದ ಕೂಡಲೇ ಪ್ರಮೋಷನ್ ಬರಲಿಲ್ಲ. ಬಂದಿದ್ದು ಮೆಮೊ.

ಹೈಡ್ರಾಲಿಕ್‌ಗೆ ಹೋಗುವ ಉಕ್ಕಿನ ಸ್ಲೀವ್, ಕೊಳವೆ ಥರದ ಪೀಸ್. ಹೊರಗಿನ ಸೈಜ್ 50 ಎಂಎಂ, ಮೇಲಕ್ಕೆ ಸೊನ್ನೆ, ಕೆಳಕ್ಕೆ 16 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಎಂಎಂನ ಸಾವಿರದಲ್ಲೊಂದು ಭಾಗ). ಅಂದರೆ 49.984ರಿಂದ 50.000 ಒಳಗೆ ಇರಬೇಕು. ತಲೆಕೂದಲಿನ ದಪ್ಪದ ಕಾಲುಭಾಗದಷ್ಟು ಜಾಗ ಅಂದುಕೊಳ್ಳಿ. ನಾನು ಯಾವಾಗಲೂ ಮಧ್ಯಕ್ಕೆ, 49.992ಕ್ಕೆ ಹಿಡಿಯುತ್ತಿದ್ದೆ. ರಾತ್ರಿ ಶಿಫ್ಟ್. ಬೆಳಿಗ್ಗೆ ಡಿಸ್ಪ್ಯಾಚ್ ಇತ್ತು. ಕೊರೆಯುವಾಗ ಪೀಸ್ ತಣ್ಣಗಿಡುವ ಕೂಲೆಂಟ್‌ನ ಟ್ಯಾಂಕ್‌ನಲ್ಲಿ ಲೆವೆಲ್ ಕೆಳಗಿದೆ ಅಂತ ಶುರುವಿನಲ್ಲೇ ನೋಡಿದ್ದೆ. ತುಂಬಿಸಲು ಇಪ್ಪತ್ತು ನಿಮಿಷ ಹೋಗುತ್ತದೆ, ಆಮೇಲೆ ನೋಡೋಣ ಅಂತ ಬಿಟ್ಟೆ. ನಳಿಕೆಯಿಂದ ಸಣ್ಣಗೆ ಬರುತ್ತಿತ್ತು. ಪೀಸ್‌ಗಳು ಬಿಸಿಯಾಗಿಯೇ ಹೊರಗೆ ಬರುತ್ತಿದ್ದವು. ಗ್ಲೌಸ್ ಇತ್ತು, ಲೆಕ್ಕಕ್ಕೆ ತಗೊಳ್ಳಲಿಲ್ಲ. ಅಳೆದೆ, 49.992. ಮುಂದಿನದು, 49.993. ಸರಿಯಾಗಿದೆ ಅಂತ ಓಡಿಸಿದೆ.

ಮೂರು ಗಂಟೆಗೆ ಟೀ ಕುಡಿದು ಬಂದು, ಮೇಜಿನ ಮೇಲೆ ಇಟ್ಟಿದ್ದ ಒಂದು ಪೀಸ್ ಸುಮ್ನೆ ಕೈಗೆತ್ತಿಕೊಂಡು ಅಳೆದೆ. 49.981. ಮೈಕ್ರೋಮೀಟರ್ ಒರೆಸಿ, 25 ಎಂಎಂ ಮಾಸ್ಟರ್ (ಮೈಕ್ರೋಮೀಟರ್ ಪರೀಕ್ಷಿಸುವ ನಿಖರ ಅಳತೆಯ ತುಂಡು) ಹಾಕಿ ಸೊನ್ನೆ ನೋಡಿದೆ. ಸರಿ ಇತ್ತು. ಮತ್ತೆ ಅಳೆದೆ. 49.981.

ಲೆಕ್ಕ ತುಂಬಾ ಸುಲಭ. ಉಕ್ಕು ಒಂದು ಮೀಟರ್‌ಗೆ ಒಂದು ಡಿಗ್ರಿಗೆ ಹೆಚ್ಚುಕಡಿಮೆ 11ರಿಂದ 12 ಮೈಕ್ರಾನ್ ಹಿಗ್ಗುತ್ತದೆ. 50 ಎಂಎಂ ಪೀಸ್ 20 ಡಿಗ್ರಿ ಜಾಸ್ತಿ ಬಿಸಿ ಇದ್ದರೆ 11 ಮೈಕ್ರಾನ್ ದಪ್ಪ ತೋರಿಸುತ್ತದೆ. ಆರಿದ ಮೇಲೆ ತನ್ನ ನಿಜವಾದ ಸೈಜ್‌ಗೆ ಬರುತ್ತದೆ. ಇದನ್ನ ಭಾನುವಾರದ ಕ್ಲಾಸಿನಲ್ಲಿ ನಾನೇ ಬೋರ್ಡ್ ಮೇಲೆ ಬಿಡಿಸಿದ್ದೆ! ಸೈಜ್ ಜಾಸ್ತಿ ಇದ್ದರೆ ಇನ್ನೊಂದು ಕಟ್ ತಗೊಂಡು ಸರಿ ಮಾಡಬಹುದು. ಕಡಿಮೆ ಆದದ್ದಕ್ಕೆ ಲೋಹ ಅಂಟಿಸೋಕೆ ಆಗಲ್ಲ. ಟ್ರೇಯಲ್ಲಿ 84 ಪೀಸ್ ಇದ್ದವು.

ಕ್ವಾಲಿಟಿಯವರು ಹತ್ತಕ್ಕೆ ಒಂದು ಪೀಸ್ ನೋಡುತ್ತಿದ್ದರು. ಹಿಂದಿನ ಶಿಫ್ಟ್‌ನ ಒಳ್ಳೆ ಪೀಸ್ ಜೊತೆ ಕಲಸಿಬಿಟ್ಟರೆ ಮೂರು ಮೈಕ್ರಾನ್ ಯಾರ ಕಣ್ಣಿಗೂ ಬೀಳದೆ ಹೋಗಬಹುದಿತ್ತು. ಮೊದಲು ನಾನೂ ಕಲಸಿದ್ದೇನೆ, ಒಂದೆರಡು ಪೀಸ್. ಶಾಪ್‌ನಲ್ಲಿ ದುಡಿದವರಿಗೆ ಗೊತ್ತು. ಆದರೆ ಆವತ್ತು ಮೆಷಿನ್ ಬಾಗಿಲಲ್ಲಿ ಆ ಸೆಟ್ಟಿಂಗ್ ಶೀಟ್ ನೇತಾಡುತ್ತಿತ್ತು. ಕೆಳಗೆ ನನ್ನ ಹೆಸರು. ಒಡಿಶಾ ಹುಡುಗ ಪಕ್ಕದ ಮೆಷಿನ್‌ನಿಂದ ನಾನು ಮತ್ತೆ ಮತ್ತೆ ಅಳೆಯುವುದನ್ನೇ ನೋಡುತ್ತಿದ್ದ. "ಕ್ಯಾ ಹುವಾ ಭೈಯಾ?" ಅಂದ. ಅವನಿಗೆ ಏನು ಹೇಳಿಕೊಡೋದು? ಕಲಸೋದನ್ನಾ?

84ನ್ನೂ ಕೆಂಪು ಬಿನ್‌ಗೆ ಹಾಕಿ ಟ್ಯಾಗ್ ಬರೆದೆ. ಕೂಲೆಂಟ್ ತುಂಬಿಸಿದೆ. ಬೆಳಿಗ್ಗೆ ಆರಕ್ಕೇ ಮ್ಯಾನೇಜರ್‌ಗೆ ಫೋನ್ ಮಾಡಿ ಹೇಳಿದೆ, ಡಿಸ್ಪ್ಯಾಚ್‌ಗೆ ಇಷ್ಟು ಕಡಿಮೆ ಆಗುತ್ತದೆ, ಕಸ್ಟಮರ್‌ಗೆ ಈಗಲೇ ತಿಳಿಸಿ ಅಂತ. ಅವರು ಚೆನ್ನಾಗಿಯೇ ಬೈದರು. ಸಂಜೆ ಮೆಮೊ ಬಂತು. ಆ ವರ್ಷದ ಇನ್‌ಕ್ರಿಮೆಂಟ್‌ಗೂ ಕತ್ತರಿ ಬಿತ್ತು. ಸತ್ಯ ಹೇಳಿದ್ದಕ್ಕೆ ಬೆನ್ನು ತಟ್ಟುತ್ತಾರೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅವತ್ತಿಗಂತೂ ತಟ್ಟಲ್ಲ.

ಮೆಮೊಗೆ ಉತ್ತರ ಬರೆಯಬೇಕಿತ್ತು. "ಇನ್ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ" ಅಂತ ಒಂದು ಸಾಲು ಬರೆದು ಸೈನ್ ಹಾಕೋದು ನಮ್ಮ ಪದ್ಧತಿ. ನಾನು ಕ್ವಾಲಿಟಿ ಮೇಡಂ ಹತ್ತಿರ ಹೋದೆ. ಅವರ ಜೊತೆ ನಾನು ಮೊದಲು ಆಡಿದ ಜಗಳ ಒಂದೆರಡಲ್ಲ. ಪೀಸ್ ತಿರಸ್ಕರಿಸಿದರೆ ಸಾಕು, "ನಿಮಗೆ ಅಳೆಯೋಕೆ ಬರಲ್ಲ" ಅಂತ ಎಲ್ಲರ ಮುಂದೆ ಎಗರಾಡುತ್ತಿದ್ದೆ. ಅವತ್ತು ಸ್ಟೂಲ್ ಎಳೆದು ಕೂತು, "ಮೇಡಂ, ಇದನ್ನ ಸರಿಯಾಗಿ ಬರೆಯೋದು ಹೇಗೆ, ಹೇಳಿಕೊಡಿ" ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, ಐದು ಸಲ ಯಾಕೆ ಅಂತ ಕೇಳುವ ಫಾರಂ ತೆಗೆದರು. ಸೈಜ್ ಯಾಕೆ ಕಡಿಮೆ? ಬಿಸಿ ಪೀಸ್ ಅಳೆದೆ. ಯಾಕೆ ಬಿಸಿ? ಕೂಲೆಂಟ್ ಕಡಿಮೆ. ಯಾಕೆ ಕಡಿಮೆ? ತುಂಬಿಸಲಿಲ್ಲ. ಯಾಕೆ ತುಂಬಿಸಲಿಲ್ಲ? ಅಲ್ಲಿ ಪೆನ್ ನಿಂತಿತು. ಪೀಸ್ ಕೌಂಟ್ ಕಡಿಮೆ ಆಗುತ್ತದೆ ಅಂತ. ಅದನ್ನೇ ಬರೆದೆ. ಐದನೆಯದಕ್ಕೆ, ಲೆವೆಲ್ ನೋಡದೆ ಮೆಷಿನ್ ಶುರು ಮಾಡಬಾರದು ಅನ್ನುವ ನಿಯಮವೇ ನಮ್ಮಲ್ಲಿ ಇರಲಿಲ್ಲ. ಈಗ ಇದೆ. ಶಿಫ್ಟ್ ಬದಲಾಗುವಾಗ ಇಬ್ಬರೂ ಸೇರಿ ಲೆವೆಲ್ ನೋಡಿ ಸೈನ್ ಹಾಕಬೇಕು. ಬಿಗಿ ಟಾಲರೆನ್ಸ್ (ಸೈಜ್ ಏರುಪೇರಿಗೆ ತೀರಾ ಕಡಿಮೆ ಜಾಗ) ಇರುವ ಪೀಸ್ ಆರಿದ ಮೇಲೆಯೇ ಅಳೆಯಬೇಕು.

2018ರಲ್ಲಿ ಮತ್ತೆ ಜಾಗ ಖಾಲಿ ಆಯ್ತು. ನಾನು ಕೇಳಿರಲಿಲ್ಲ, ಕರೆದರು. ಟೇಬಲ್ ಮೇಲೆ ನನ್ನ ಫೈಲ್ ಇತ್ತು, ಮೆಮೊ ಮೇಲುಗಡೆಯೇ ಕಾಣುತ್ತಿತ್ತು. ನನಗೆ ಆ ಕಾಗದದ ಮೇಲೇ ಕಣ್ಣು. ಮ್ಯಾನೇಜರ್ ಅದನ್ನ ತಿರುಗಿಸಿ ಹಿಂದಿನ ಫಾರಂ ತೋರಿಸಿದರು. ನಾಲ್ಕನೇ ಉತ್ತರದ ಮೇಲೆ ಬೆರಳಿಟ್ಟು, "ಇದನ್ನ ಬರೆದದ್ದು ನೀನೇನಾ, ಮೇಡಂನಾ?" ಅಂದರು. ನಾನೇ ಸಾರ್ ಅಂದೆ. "ಸರಿ, ಸೋಮವಾರದಿಂದ ಸೆಕೆಂಡ್ ಶಿಫ್ಟ್ ನಿಂದು."

ಎಲ್ಲ ಕಡೆ ಹೀಗೇ ಆಗುತ್ತದೆ ಅಂತ ನಾನು ಹೇಳಲ್ಲ. ಓನರ್ ನೆಂಟರೇ ಇನ್‌ಚಾರ್ಜ್ ಆಗುವ ಶಾಪ್‌ಗಳೂ ಇವೆ. ಅಲ್ಲಿ ನಾಲ್ಕು ಡೈರಿ ಬಿಚ್ಚಿದರೂ ಅಷ್ಟೇ, ಬೇರೆ ಕಡೆ ನೋಡಿಕೊಳ್ಳೋದೇ ಒಳ್ಳೇದು. ಇನ್ನೊಂದು ಮಾತು, ನಮ್ಮಲ್ಲಿ ಇನ್‌ಚಾರ್ಜ್‌ಗೆ ಓವರ್‌ಟೈಮ್ (ಓಟಿ) ಇಲ್ಲ. ಆಪರೇಟರ್ ಆಗಿದ್ದಾಗ ಓಟಿ ಗಂಟೆಗೆ ಡಬಲ್ ಸಿಗುತ್ತಿತ್ತು. ಪ್ರಮೋಷನ್ ಆದ ಮೊದಲ ತಿಂಗಳು ಕೈಗೆ ಬಂದಿದ್ದು ಹಿಂದಿನ ತಿಂಗಳಿಗಿಂತ ಕಡಿಮೆ. ಮನೆಯಲ್ಲಿ ಹೆಂಡತಿ ಸ್ಲಿಪ್ ನೋಡಿ, "ಇದೇನ್ರೀ, ಮೇಲೆ ಹೋದ್ರಾ ಕೆಳಗೆ ಬಂದ್ರಾ?" ಅಂದಳು. ಸರಿ ಹೋಗೋಕೆ ಮುಂದಿನ ಇನ್‌ಕ್ರಿಮೆಂಟ್‌ವರೆಗೆ ಕಾಯಬೇಕಾಯ್ತು.

ಹೋದ ವಾರ ರೌಂಡ್ಸ್ ಹೋದಾಗ ನನ್ನ ಹಳೇ ಮೆಷಿನ್ ಹತ್ತಿರ ನಿಂತೆ. ಈಗ ಅದನ್ನ ನೋಡಿಕೊಳ್ಳೋದು ಅದೇ ಒಡಿಶಾ ಹುಡುಗ. ಬಾಗಿಲಲ್ಲಿ ನೇತಾಡುವ ಶೀಟ್‌ನಲ್ಲಿ ನಾನು ಬರೆದಿದ್ದ ಕಟಿಂಗ್ ಸ್ಪೀಡ್ 180 ಅನ್ನೋದಕ್ಕೆ ಗೆರೆ ಎಳೆದು 210 ಅಂತ ಬರೆದಿತ್ತು. ಒಂದು ಕ್ಷಣ ರಕ್ತ ಕುದಿಯಿತು, ಸುಳ್ಳೇಕೆ ಹೇಳಲಿ. ಯಾರನ್ನ ಕೇಳಿ ಮಾಡಿದೆ ಅಂದೆ. ಅವನು ಈಗ ಕನ್ನಡ ಮಾತಾಡುತ್ತಾನೆ. "ಅಣ್ಣ, ಹೊಸ ಟಿಪ್ ಬಂದಿದೆಯಲ್ಲ. ಮೂರು ದಿನ ನೋಡಿದೆ. ಟಿಪ್ ಅಷ್ಟೇ ಪೀಸ್ ಕೊಡ್ತಿದೆ, ಟೈಮ್ ಹದಿನಾಲ್ಕು ಸೆಕೆಂಡ್ ಕಡಿಮೆ" ಅಂದ. ಮೂರು ದಿನದ ಸೈಜ್ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದ. ಎಲ್ಲ ಪೀಸ್ ಆರಿದ ಮೇಲೆ ಅಳೆದದ್ದು.

ಹಾಳೆ ಪೂರ್ತಿ ನೋಡಿದೆ. ಜೇಬಿನಿಂದ ಪೆನ್ ತೆಗೆದು, ಶೀಟ್ ಕೆಳಗೆ ನನ್ನ ಹೆಸರಿನ ಪಕ್ಕ ಅವನ ಹೆಸರು ಬರೆದು, ತಾರೀಕು ಹಾಕಿದೆ. ಸ್ಪೆಲ್ಲಿಂಗ್ ತಪ್ಪಾಗಿದೆ ಅಂತ ಅವನೇ ತಿದ್ದಿದ.