ಬ್ಲಾಕ್ ಆದ ಐಡಿ, ಅಮಾವಾಸ್ಯೆಯ ಎಡೆ

ಭಾನುವಾರ, 21 ಸೆಪ್ಟೆಂಬರ್ 2025. ಮಹಾಲಯ ಅಮಾವಾಸ್ಯೆ. ಲಗ್ಗೆರೆ, ಬೆಂಗಳೂರು

ಬೆಳಿಗ್ಗೆ ಐದಕ್ಕೇ ಎದ್ದೆ. ಮಾವನಿಗೆ ಕಜ್ಜಾಯ ಇಷ್ಟ ಅಂತ ಅತ್ತೆ ಮೊನ್ನೆಯೇ ಪಾಕ ಹಿಡಿದು ಹಿಟ್ಟು ಇಟ್ಟಿದ್ದರು. "ಇವತ್ತೊಂದಿನ ಮನೇಲಿರೋಕಾಗಲ್ವಾ?" ಅಂದರು. ಸಂಜೆ ಎಡೆ ಇಡೋ ಹೊತ್ತಿಗೆ ಬರ್ತೀನಿ ಅತ್ತೆ ಅಂದೆ. ಭಾನುವಾರ ಸ್ಲಾಟ್ (ಬುಕಿಂಗ್ ತೆಗೆದುಕೊಳ್ಳುವ ಹೊತ್ತು) ಆಫ್ ಮಾಡಿದರೆ ಮುಂದಿನ ವಾರ ಬುಕಿಂಗ್ ಕಡಿಮೆ ಆಗುತ್ತದೆ. ಹಾಗಂತ ಯಾರೂ ಬರೆದು ಕೊಟ್ಟಿಲ್ಲ. ಆದರೆ ಆ್ಯಪ್‌ನಲ್ಲಿ ಬುಕಿಂಗ್ ತೆಗೆದುಕೊಂಡು ಮನೆಮನೆಗೆ ಹೋಗಿ ಬ್ಯೂಟಿಷಿಯನ್ ಕೆಲಸ ಮಾಡುವ ನಮಗೆಲ್ಲ ಗೊತ್ತು.

ಪಿತೃಪಕ್ಷ ಹದಿನೈದು ದಿನ ನಮಗೆ ಬರಗಾಲ. ಈ ದಿನಗಳಲ್ಲಿ ಫೇಶಿಯಲ್, ಹೇರ್‌ಕಟ್ ಅಂತ ಕರೆಯುವವರು ಕಡಿಮೆ. ಇವತ್ತು ಸಿಕ್ಕಿದ್ದು ಮೂರೇ. ಮೊದಲನೆಯದು ಮಲ್ಲೇಶ್ವರದಲ್ಲಿ, ಮೂರನೇ ಮಹಡಿ, ಲಿಫ್ಟ್ ಇಲ್ಲ. ವ್ಯಾಕ್ಸ್ ಹೀಟರ್, ಸ್ಟೀಮರ್, ಟವೆಲ್, ಕ್ರೀಮು ಎಲ್ಲ ಸೇರಿ ಬ್ಯಾಗು 14 ಕೆಜಿ ತೂಗುತ್ತದೆ. ಬಿಲ್ 1,299. ಕಮಿಷನ್ ಹೋಗಿ, ಕಂಪನಿಯಿಂದಲೇ ಕೊಳ್ಳಬೇಕಾದ ಸಾಮಾನಿನ ಖರ್ಚು ಹೋಗಿ, ಆಟೋ ಚಾರ್ಜ್ ಹೋಗಿ ಕೈಗೆ ಉಳಿದದ್ದು 610.

ಎರಡನೆಯದು ದಾರಿಯಲ್ಲಿರುವಾಗಲೇ ಕ್ಯಾನ್ಸಲ್ ಆಯಿತು. ಮೇಡಂ ಫೋನ್ ಮಾಡಿ ಒಳ್ಳೆಯ ಮಾತಿನಲ್ಲೇ ಹೇಳಿದರು: "ನಾಳೆಯಿಂದ ಜಿಎಸ್‌ಟಿ 18ರಿಂದ 5ಕ್ಕೆ ಇಳಿಯುತ್ತೆ ಅಲ್ವಾ, ನಾಳೆನೇ ಮಾಡಿಸ್ಕೋತೀನಮ್ಮ." ಅವರದ್ದು ತಪ್ಪಲ್ಲ. ಆದರೆ ಎರಡು ಗಂಟೆ ನಾನು ಎಲ್ಲಿ ಕೂರಲಿ? ಸಂಪಿಗೆ ರಸ್ತೆ ಮೆಟ್ರೋ ಸ್ಟೇಷನ್ ಹೊರಗೆ ಬ್ಯಾಗ್ ಮೇಲೆ ಕೈ ಇಟ್ಟುಕೊಂಡು ಕೂತೆ. ಬೆಳಿಗ್ಗೆಯಿಂದ ನೀರು ಜಾಸ್ತಿ ಕುಡಿದಿರಲಿಲ್ಲ. ಕುಡಿದರೆ ಬಾತ್‌ರೂಮಿಗೆ ಕಸ್ಟಮರ್ ಮನೆಯಲ್ಲೇ ಕೇಳಬೇಕು. ಕೆಲವರು ಸಂತೋಷವಾಗಿ ಬಿಡುತ್ತಾರೆ, ಕೆಲವರ ಮುಖ ಚಿಕ್ಕದಾಗುತ್ತದೆ. ಆ ಮುಖ ರೇಟಿಂಗ್‌ನಲ್ಲಿ ಕಾಣಿಸಿಬಿಟ್ಟರೆ ಅನ್ನೋ ಭಯ ನನಗೆ.

ಅಲ್ಲಿ ಕೂತಿರುವಾಗಲೇ ಗೆಳತಿಯ ಫೋನ್ ಬಂತು. ಅವಳ ಹೆಸರು ಇಲ್ಲಿ ಬರೆಯಲ್ಲ, ಅವಳ ಐಡಿ, ಅಂದರೆ ಆ್ಯಪ್‌ನಲ್ಲಿ ಕೆಲಸ ಸಿಗುವ ಖಾತೆ, ವಾಪಸ್ ಬರಬೇಕು. "ಬ್ಲಾಕ್ ಆಗಿದೆ ಕಣೇ" ಅಂದಳು. ಆಮೇಲೆ ಬರೀ ಅಳು.

ಮಗನಿಗೆ ಜ್ವರ ಅಂತ ಈ ತಿಂಗಳು ನಾಲ್ಕು ಬುಕಿಂಗ್ ಬಿಟ್ಟಿದ್ದಳು. ಶುಕ್ರವಾರ ರಾತ್ರಿ ಆ್ಯಪ್ ತೆಗೆದರೆ ಕೆಂಪು ಅಕ್ಷರದಲ್ಲಿ ಎರಡು ಸಾಲು, ಅಷ್ಟೇ. ಶನಿವಾರ ಕಂಪನಿ ಆಫೀಸಿಗೆ ಹೋದಳು. ಗೇಟಿನಲ್ಲಿ ಸೆಕ್ಯುರಿಟಿಯವರು ಆ್ಯಪ್‌ನಲ್ಲೇ ಟಿಕೆಟ್ (ದೂರು) ಹಾಕಿ ಅಂದರು. ಬ್ಲಾಕ್ ಆದ ಆ್ಯಪ್‌ನಲ್ಲಿ ಟಿಕೆಟ್ ಹಾಕೋದು ಹೇಗೆ? ಹೆಲ್ಪ್‌ಲೈನ್‌ನಲ್ಲಿ ರೆಕಾರ್ಡ್ ಆದ ದನಿ. ಟ್ರೇನಿಂಗು, ಕಿಟ್ಟು ಅಂತ ಸ್ತ್ರೀಶಕ್ತಿ ಸಂಘದಲ್ಲಿ 40,000 ಸಾಲ ಮಾಡಿದವಳು ಅವಳು. ವಾರದ ಕಂತು ಬುಧವಾರ. ನಾಳೆಯಿಂದ ನವರಾತ್ರಿ, ವರ್ಷದಲ್ಲೇ ಒಳ್ಳೆಯ ಸೀಸನ್. ಸರಿಯಾಗಿ ಅದೇ ಹೊತ್ತಿಗೆ ಹೀಗಾಗಿದೆ.

ಕಮಿಷನ್ ಬಗ್ಗೆ ನನಗೂ ಸಿಟ್ಟಿದೆ. ಆದರೆ ಅದಕ್ಕಿಂತ ಹೊಟ್ಟೆ ಉರಿಯೋದು ಇದಕ್ಕೆ. ಮೂರು ವರ್ಷ ದುಡಿದ ಹೆಂಗಸಿಗೆ "ಏನಾಯ್ತಮ್ಮ?" ಅಂತ ಕೇಳೋಕೆ ಒಬ್ಬ ಮನುಷ್ಯನೂ ಇಲ್ಲ. ನಾನು ಮುಂಚೆ ಕೆಲಸ ಮಾಡುತ್ತಿದ್ದ ಪಾರ್ಲರ್ ಓನರ್ ಬೈಯುತ್ತಿದ್ದರು, ಸಂಬಳ ತಡ ಮಾಡುತ್ತಿದ್ದರು. ಆದರೂ ಎದುರಿಗೆ ನಿಂತು ಮಗುವಿಗೆ ಜ್ವರ ಇತ್ತು ಮೇಡಂ ಅನ್ನಬಹುದಿತ್ತು.

ಮೂರನೇ ಬುಕಿಂಗ್ ಮುಗಿಸಿ ಬಂದು, ಎಡೆ ಇಟ್ಟು, ಎಲ್ಲರೂ ಊಟ ಮಾಡಿದ ಮೇಲೆ ಮಗಳ ಫೋನಿನಲ್ಲಿ ಕರ್ನಾಟಕದಲ್ಲಿ ಗಿಗ್ ಕಾರ್ಮಿಕರಿಗೆ (ಆ್ಯಪ್ ಮೂಲಕ ದುಡಿಯುವವರಿಗೆ) ಬಂದಿರುವ ಹೊಸ ಕಾಯ್ದೆ ಓದಿದೆ. ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದದ್ದು, ಆಗಸ್ಟ್‌ನಲ್ಲಿ ವಿಧಾನಮಂಡಲದಲ್ಲಿ ಪಾಸಾಗಿ, ಈಗ ಗೆಜೆಟ್‌ನಲ್ಲೂ ಬಂದಿದೆ. ಗಿಗ್ ಕಾರ್ಮಿಕರು ಅಂದರೆ ಬೈಕಿನಲ್ಲಿ ಊಟ ತರುವ ಹುಡುಗರು ಮಾತ್ರ ಅಂದುಕೊಂಡಿದ್ದೆ. ನಮ್ಮಂಥವರ ಸೇವೆಯೂ ಪಟ್ಟಿಯಲ್ಲಿದೆ. ನಮಗೆ ಕೊಡುವ ಹಣದ ಲೆಕ್ಕದ ಮೇಲೆ ಕಂಪನಿಗಳು ನೂರಕ್ಕೆ 1ರಿಂದ 5 ರೂಪಾಯಿ ಕಲ್ಯಾಣ ನಿಧಿಗೆ ಕಟ್ಟಬೇಕು. ಒಳ್ಳೆಯದೇ. ಆದರೆ ನಾನು ಮತ್ತೆ ಮತ್ತೆ ಓದಿದ್ದು ಬೇರೆ ಸಾಲು. ಕೆಲಸದಿಂದ ತೆಗೆಯಬೇಕಾದರೆ ಕಾರಣ ಬರೆದು ಕೊಡಬೇಕು, 14 ದಿನ ಮುಂಚೆ ತಿಳಿಸಬೇಕು. ನಮ್ಮ ಪ್ರಶ್ನೆಗೆ ನಮಗೆ ಬರುವ ಭಾಷೆಯಲ್ಲಿ ಉತ್ತರ ಕೊಡೋಕೆ ಒಬ್ಬ ಮನುಷ್ಯ ಇರಬೇಕು.

"ಬ್ಲಾಕ್ ಅಂದ್ರೆ ತೆಗೆದ ಹಾಗಲ್ಲ" ಅಂತ ಕಂಪನಿಯವರು ವಾದ ಮಾಡಬಹುದು. ಮಾಡಲಿ. ಅಕೌಂಟಿಗೆ ಒಂದು ರೂಪಾಯಿ ಬರದೆ ಇರುವಾಗ ಅದನ್ನು ಬೇರೆ ಏನಂತ ಕರೆಯೋದು?

ಗೆಳತಿಗೆ ಫೋನ್ ಮಾಡಿದೆ. ಕ್ಯಾನ್ಸಲ್ ಮಾಡಿದ ತಾರೀಖು, ಡಾಕ್ಟರ್ ಚೀಟಿ, ಆ ಕೆಂಪು ಅಕ್ಷರದ ಸ್ಕ್ರೀನ್‌ಶಾಟ್ ಎಲ್ಲ ಒಟ್ಟು ಮಾಡು ಅಂದೆ. ಅರ್ಜಿ ಕನ್ನಡದಲ್ಲಿ ಮಗಳು ಬರೆಯುತ್ತಿದ್ದಾಳೆ. ಮಂಗಳವಾರ ಬೆಳಿಗ್ಗೆ ಇಬ್ಬರೂ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗುತ್ತೇವೆ. ಅವತ್ತಿನ ನನ್ನ ಸ್ಲಾಟ್ ಈಗಷ್ಟೇ ಆಫ್ ಮಾಡಿದೆ. ಅತ್ತೆ ಅವಳ ಮಗನಿಗೆ ಅಂತ ಡಬ್ಬಿಯಲ್ಲಿ ಆರು ಕಜ್ಜಾಯ ಎತ್ತಿಟ್ಟಿದ್ದಾರೆ.