ಒಂದು ಕುದುರೆ, ಒಂದು ಅವಾರ್ಡ್

ಮಂತ್ ಎಂಡ್ ಬ್ಯಾಚ್, ಅಂದರೆ ತಿಂಗಳ ಕೊನೆಗೆ ಸಿಸ್ಟಮ್‌ನಲ್ಲಿ ಸಾಲಾಗಿ ಓಡುವ ಜಾಬ್‌ಗಳು, ಮಧ್ಯರಾತ್ರಿ ನಿಂತುಹೋಗಿತ್ತು. ಬ್ರಿಡ್ಜ್ ಕಾಲ್‌ನಲ್ಲಿ ಹತ್ತು ಜನ, ಕೆಲಸ ಮಾಡಿದ್ದು ಇಬ್ಬರೇ. ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ, ಜಾಬ್‌ಗಳನ್ನು ತಡೆದಿದ್ದ ಲಾಕ್ ಹುಡುಕಿದ, ಸಪೋರ್ಟ್ ಹುಡುಗ ಜಾಬ್‌ಗಳನ್ನು ಒಂದೊಂದಾಗಿ ಮತ್ತೆ ಓಡಿಸಿದ. ಬೆಳಗಿನ ಜಾವ ಐದಕ್ಕೆ ಎಲ್ಲ ಹಸಿರು. ಟೀಮ್ ಲೀಡ್ ನಾನು, ಟೀ ಕುಡಿದು ಸ್ಪಾಟ್ ಅವಾರ್ಡ್ ಹಾಕಲು ಕೂತೆ. ಆ ಪೋರ್ಟಲ್‌ನಲ್ಲಿ ಒಂದೇ ಹೆಸರಿಗೆ ಜಾಗ. ಯಾವ ಪುಣ್ಯಾತ್ಮ ಮಾಡಿದನೋ! ಸಪೋರ್ಟ್ ಹುಡುಗನ ಹೆಸರು ಹಾಕಿದೆ.

ಮಧ್ಯಾಹ್ನದ ಕಾಲ್‌ನಲ್ಲಿ ಡಿಬಿಎ ಕೇಳಿದ, "ಲಾಕ್ ಹಿಡಿದಿದ್ದು ಯಾರು ಸರ್?"

ನಾನು ಬಾಯಿ ತೆರೆಯುವ ಮೊದಲೇ ಸಪೋರ್ಟ್ ಹುಡುಗ, "ನೀನು ಬರೀ ಒಂದು ಕ್ವೆರಿ ಹಾಕಿದೆ ಕಣೋ" ಅಂದ.

ಐದಾರು ಸೆಕೆಂಡ್ ಯಾರೂ ಮಾತಾಡಲಿಲ್ಲ. ನನ್ನ ಮೈಕ್ ಮ್ಯೂಟಲ್ಲಿತ್ತು. ತೆಗೆಯಬಹುದಿತ್ತು, ತೆಗೆಯಲಿಲ್ಲ. ಇಬ್ಬರೂ ಬೇಕಲ್ವಾ? ಸುಮ್ನೆ ಬಿಟ್ಟರೆ ತಾನಾಗೇ ತಣ್ಣಗಾಗುತ್ತೆ ಅಂದುಕೊಂಡೆ.

ಆ ದಿನಗಳಲ್ಲಿ ಕ್ಯಾಬಲ್ಲಿ ಮಧ್ಯ ಏಷ್ಯಾದ ಖ್ವಾರಜ್ಮ್ ರಾಜ್ಯದ ಸುಲ್ತಾನ ಜಲಾಲುದ್ದೀನ್ ಬಗ್ಗೆ ಓದುತ್ತಿದ್ದೆ. 1221ರಲ್ಲಿ ಕಾಬೂಲಿನ ಉತ್ತರಕ್ಕೆ, ಪರ್ವಾನ್‌ನಲ್ಲಿ ಚೆಂಗೀಸ್ ಖಾನನ ಸೈನ್ಯವನ್ನೇ ಸೋಲಿಸಿದವನು. ಮಂಗೋಲರು ಖಾಲಿ ಕುದುರೆಗಳ ಮೇಲೆ ಗೊಂಬೆ ಕೂರಿಸಿ ದಂಡು ದೊಡ್ಡದೆಂದು ತೋರಿಸಿದರೂ ಬೆದರಲಿಲ್ಲ. ಗೆದ್ದ ಮೇಲೆ ಲೂಟಿಯ ಒಂದು ಕುದುರೆಗಾಗಿ ಅವನ ಇಬ್ಬರು ಸರದಾರರು ಜಗಳಾಡಿದರು. ಅಮೀನ್ ಮಲಿಕ್ ಚಾಟಿ ಎತ್ತಿ ಇಗ್ರಾಕ್‌ನ ತಲೆಗೆ ಹೊಡೆದ. ಸುಲ್ತಾನ ಏನೂ ಕೇಳಲಿಲ್ಲ. ಕೇಳಿದರೆ ಅಮೀನ್ ಮಲಿಕನ ಕಡೆಯವರು ತಿರುಗಿಬಿದ್ದಾರು ಅನ್ನೋ ಭಯ. ಇಗ್ರಾಕ್ ರಾತ್ರೋರಾತ್ರಿ ತನ್ನವರನ್ನು ಕರೆದುಕೊಂಡು ಹೊರಟೇಹೋದ. ಚೆಂಗೀಸ್ ಖಾನ್ ತಾನೇ ದಂಡೆತ್ತಿ ಬಂದ. ನವೆಂಬರ್‌ನಲ್ಲಿ ಸಿಂಧೂ ನದಿ ದಡದಲ್ಲಿ ಸುಲ್ತಾನ ಸೋತು, ಕುದುರೆ ಸಮೇತ ನೀರಿಗೆ ಹಾರಿದ.

ಆ ಹಾರಿದ್ದನ್ನೇ ಎಲ್ಲರೂ ಹೊಗಳುವುದು. ನಾನೂ ಅದನ್ನೇ ಎರಡು ಸಲ ಓದಿದೆ. ಚಾಟಿಯ ಪುಟ ಮಗುಚಿ ಮುಂದೆ ಹೋಗಿದ್ದೆ.

ಎರಡು ವಾರಕ್ಕೆ ಡಿಬಿಎ ರಿಲೀಸ್ ಕೇಳಿ ಬೇರೆ ಪ್ರಾಜೆಕ್ಟಿಗೆ ಹೋದ. ಮುಂದಿನ ಮಂತ್ ಎಂಡ್, ಅದೇ ಬ್ಯಾಚ್, ಅದೇ ಲಾಕ್. ಹೊಸ ಹುಡುಗನಿಗೆ ಆಕ್ಸೆಸ್ ಕೂಡ ಬಂದಿರಲಿಲ್ಲ. ಎಸ್‌ಎಲ್‌ಎ, ಅಂದರೆ ಕ್ಲೈಂಟ್‌ಗೆ ಮಾತುಕೊಟ್ಟ ಗಡುವು, ತಪ್ಪಿಹೋಯಿತು.

ಪರ್ವಾನ್‌ನಲ್ಲಿ ಸೋತ ಸೇನಾಪತಿಯನ್ನು ಚೆಂಗೀಸ್ ಖಾನ್ ಅದೇ ಜಾಗಕ್ಕೆ ಕರೆದುಕೊಂಡು ಹೋಗಿ, ಎಲ್ಲಿ ನಿಂತಿದ್ದು ತಪ್ಪಾಯಿತು ಅಂತ ತೋರಿಸಿದನಂತೆ. ಆರ್‌ಸಿಎ, ತಪ್ಪಿನ ಮೂಲ ಕಾರಣ ಹುಡುಕುವುದು, ಅಂದರೆ ಅದು. ನನ್ನ ಆರ್‌ಸಿಎಯಲ್ಲಿ "ರಿಸೋರ್ಸ್ ಕೊರತೆ" ಅಂತ ಬರೆದೆ. ಮ್ಯಾನೇಜರ್ ಹತ್ತೇ ನಿಮಿಷದಲ್ಲಿ ಅಪ್ರೂವ್ ಮಾಡಿದರು.