3.1, 3.48, 4.2: ಒಂದೇ ದಾರಿಗೆ ಮೂರು ಉದ್ದ

ಕೊನೆಗೂ ಸಿಕ್ಕಿತು. ಒಂದು ನಡಿಗೆ ದಾರಿಯ ಅಳತೆಯಲ್ಲಿ ಜಾಸ್ತಿ ಬಂದು ಮೂರು ವಾರ ನನ್ನ ತಲೆ ತಿಂದ ಆ ಒಂದು ಕಿಲೋಮೀಟರ್ ಎಲ್ಲಿ ಅಡಗಿತ್ತು ಅಂತ ನಿನ್ನೆ ಸಂಜೆ ಗೊತ್ತಾಯಿತು. ಅದು ಇರುವೆ ಸಾಲಿನ ಪಕ್ಕ ಕೂತಿತ್ತು.

ಮಕ್ಕಳ ಜೊತೆ ನಡೆಯೋಕೆ ಅಂತ ನಾನು ಮಾಡುತ್ತಿರುವ, ಹಳ್ಳಿ ಕಡೆಯ ಸುತ್ತುದಾರಿಗಳ ನಕ್ಷೆ ಸರಣಿಯಲ್ಲಿ ಇದು ಎರಡನೆಯದು. ಹೊಲದ ಬದು, ಒಂದು ಮರದ ತೋಪು, ಹಳ್ಳದ ಮೇಲೊಂದು ಪುಟ್ಟ ಸೇತುವೆ, ಆಮೇಲೆ ಹೊರಟ ಜಾಗಕ್ಕೇ ವಾಪಸ್. ಒಟ್ಟು ಏರು 30 ಮೀಟರ್ ಅಷ್ಟೇ. ನಡೆಯುವವರು ನಾನು, ಐದು ವರ್ಷದ ಮಗಳು, ಮತ್ತೆ ಮಂಡಿ ನೋವಿದ್ದರೂ "ನನ್ನ ಚಿಂತೆ ಬಿಡು, ಮುಂದೆ ನಡಿ" ಅನ್ನುವ ನನ್ನ ಅಮ್ಮ. ದಾರಿ ಹುಡುಕಿದ್ದು, ಬೇಲಿ ಎಲ್ಲಿದೆ ನೋಡಿದ್ದು, ಹೊಲದವರನ್ನು ಕೇಳಿದ್ದು, ಇದನ್ನೆಲ್ಲ ಮತ್ತೆ ಬರೆಯಲ್ಲ. ಅದು ನೀವೂ ಮಾಡುವ ಕೆಲಸವೇ. ನಾನು ಸಿಕ್ಕಿಹಾಕಿಕೊಂಡಿದ್ದು ನಕ್ಷೆ ಹಾಳೆಯ ಮೇಲ್ಭಾಗದಲ್ಲಿ ಬರೆಯಬೇಕಾದ ಒಂದೇ ಒಂದು ಅಂಕಿಯಲ್ಲಿ. ಉದ್ದ ಎಷ್ಟು?

ಜನರೇ ಸೇರಿ ಮಾಡುವ ಉಚಿತ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಗೆರೆ ಎಳೆದು ನೋಡಿದರೆ 3.1 ಕಿ.ಮೀ. ಫೋನಿನ ಜಿಪಿಎಸ್ ದಾಖಲೆಯಲ್ಲಿ 4.2. ದೊಡ್ಡವರಿಗಾದರೆ ಈ ವ್ಯತ್ಯಾಸ ಏನೂ ಅಲ್ಲ. ಆದರೆ ಮೂರು ಕಿಲೋಮೀಟರಿಗೆ ಅಂತ ಹೊರಡಿಸಿದ ಮಗು ನಾಲ್ಕನೆಯ ಕಿಲೋಮೀಟರನ್ನು ನಿಮ್ಮ ಹೆಗಲ ಮೇಲೆ ಕೂತು ಮುಗಿಸುತ್ತದೆ. ಹೆಗಲು ನನ್ನದು, ಅದಕ್ಕೇ ಇಷ್ಟು ಹಟ.

ನಕ್ಷೆಯ ಗೆರೆ ಸ್ವಲ್ಪ ಕಮ್ಮಿ ತೋರಿಸುವುದು ನಿರೀಕ್ಷಿತ. ತೋಪಿನೊಳಗೆ ಉಪಗ್ರಹ ಚಿತ್ರದಲ್ಲಿ ದಾರಿ ಕಾಣಲ್ಲ, ನಾನು ಅಂದಾಜಿನ ಮೇಲೆ ನೇರ ಎಳೆದಿದ್ದೆ. ಫೋನು ಸ್ವಲ್ಪ ಜಾಸ್ತಿ ತೋರಿಸುವುದೂ ಮಾಮೂಲಿ. ಆದರೆ ಪೂರ್ತಿ ಒಂದು ಕಿಲೋಮೀಟರ್ ಅಂದ್ರೆ? ಮೂರನೆಯ ಸಾಕ್ಷಿ ಬೇಕು ಅಂತ ದೂಡಿಕೊಂಡು ಹೋಗುವ ಅಳತೆ ಚಕ್ರ ಒಂದನ್ನು ಆನ್‌ಲೈನಿನಲ್ಲಿ ತರಿಸಿದೆ. ಅದು 3.48 ಅಂತು. ಮೂರು ಸಾಕ್ಷಿ, ಮೂರು ಕಥೆ.

ಚಕ್ರದ ಪುರಾಣ ಮೊದಲು ಮುಗಿಸುತ್ತೇನೆ. ಒಂದು ಸುತ್ತಿಗೆ ಸರಿಯಾಗಿ ಒಂದು ಮೀಟರ್ ಅಂತ ಪೆಟ್ಟಿಗೆಯ ಮೇಲೆ ಬರೆದಿತ್ತು. ಹಾಗಿದ್ದರೆ ಅಡ್ಡಳತೆ 31.8 ಸೆಂ.ಮೀ. ಇರಬೇಕು ಅಲ್ವಾ? ಟೇಪು ಹಿಡಿದರೆ 29.6. ಅನುಮಾನ ಬೇಡ ಅಂತ ಉಕ್ಕಿನ ಟೇಪು ಹಾಸಿ 50 ಮೀಟರ್ ದೂಡಿದೆ, ಚಕ್ರ 53.8 ತೋರಿಸಿತು. ಮಾರಿದವರಿಗೆ ಫೋಟೋ ಸಮೇತ ಬರೆದೆ. "ಬಳಸುವ ರೀತಿಯಲ್ಲಿ ವ್ಯತ್ಯಾಸ ಇರಬಹುದು ಸರ್" ಅಂತ ಉತ್ತರ ಬಂತು. ಚಕ್ರವನ್ನು ಬೇರೆ ಯಾವ ರೀತಿಯಲ್ಲಿ ಬಳಸುತ್ತಾರೋ ದೇವರೇ ಬಲ್ಲ. ವಾಪಸ್ ತೆಗೆದುಕೊಳ್ಳಲೂ ಇಲ್ಲ. ಇರಲಿ, ತಪ್ಪು ಎಷ್ಟು ಅಂತ ಗೊತ್ತಿದ್ದರೆ ತಪ್ಪು ಚಕ್ರವೂ ಒಳ್ಳೆಯ ಚಕ್ರವೇ. ಸುತ್ತಿಗೆ 93 ಸೆಂ.ಮೀ. ಅಂತ ಲೆಕ್ಕ ಹಾಕಿದರೆ 3.48 ಇಳಿದು 3.24 ಆಯಿತು. (ಹಸಿ ಮಣ್ಣಿನಲ್ಲಿ ಅಳೆಯಬೇಡಿ. ಕೆಸರು ಮೆತ್ತಿ ಚಕ್ರ ದಪ್ಪ ಆಗುತ್ತದೆ, ಸುತ್ತು ಕಮ್ಮಿ ಬೀಳುತ್ತದೆ.) ರಸ್ತೆ ಓಟದ ದಾರಿ ಅಳೆಯುವವರು ಸೈಕಲ್ಲಿನ ಮುಂದಿನ ಚಕ್ರಕ್ಕೆ ಸುತ್ತು ಎಣಿಸುವ ಜೋನ್ಸ್ ಕೌಂಟರ್ ಹಾಕುತ್ತಾರೆ, 1971ರಿಂದ ಇರುವ ಉಪಾಯ ಅದು. ಬಿಸಿಲೇರಿದರೆ ಟೈರಿನ ಗಾಳಿ ಹಿಗ್ಗುತ್ತದೆ ಅಂತ ಅಳತೆಗೆ ಮೊದಲೂ ಆಮೇಲೂ ಸೈಕಲ್ಲನ್ನು ತಾಳೆ ನೋಡುತ್ತಾರೆ. ಓಟ ಎಲ್ಲೂ ಗಿಡ್ಡ ಆಗಬಾರದು ಅಂತ ಸಾವಿರಕ್ಕೆ ಒಂದರಷ್ಟು ಉದ್ದವನ್ನು ಬೇಕೆಂದೇ ಸೇರಿಸುತ್ತಾರೆ. ಅಷ್ಟು ಶಿಸ್ತು ನನ್ನಲ್ಲಿಲ್ಲ. ಆದರೆ ಓದಿದ ಮೇಲೆ ಒಂದು ಹುಳ ತಲೆ ಹೊಕ್ಕಿದೆ.

ಅದೇ ಮುಂದಿನ ಪ್ರಾಜೆಕ್ಟು. ತಳ್ಳುಗಾಡಿ! ಮಗು ಕೂರಿಸುವ ಹಳೇ ತಳ್ಳುಗಾಡಿ ಅಟ್ಟದ ಮೇಲಿದೆ. ಅದರ ಒಂದು ಚಕ್ರಕ್ಕೆ ಅಯಸ್ಕಾಂತ, ಎದುರಿಗೆ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದಾಗಲೆಲ್ಲ ಒಂದು ಸುತ್ತು ಎಣಿಸೋಕೆ), ಸೀಟಿನ ಕೆಳಗೆ ಅಲುಗಾಟ ಅಳೆಯುವ ಒಂದು ಆಕ್ಸಲೆರೋಮೀಟರ್. ದೂರದ ಜೊತೆಗೆ ಕುಲುಕಾಟವೂ ದಾಖಲಾಗುತ್ತದೆ. ಯಾವ ತುಂಡಿನಲ್ಲಿ ಗಾಡಿ ಸಲೀಸು, ಎಲ್ಲಿ ಮಗುವಿನ ನಿದ್ದೆ ಹಾಳು ಅಂತ ನಕ್ಷೆಯಲ್ಲಿ ಬಣ್ಣ ಹಾಕಿಯೇ ತೋರಿಸಬಹುದು. ಸೀಟಿನಲ್ಲಿ ಮಗುವಿನ ಬದಲು ಏನಿಡಬೇಕು ಅಂತ ಯೋಚಿಸುತ್ತಿದ್ದೇನೆ. ಹನ್ನೆರಡು ಕಿಲೋ ಮರಳು ಚೀಲ ತಳ್ಳಿಕೊಂಡು ಹೊಲದ ದಾರಿಯಲ್ಲಿ ಹೋಗುವವನನ್ನು ಜನ ಏನಂದುಕೊಳ್ಳುತ್ತಾರೋ.

ವಾಪಸ್ ಫೋನಿಗೆ ಬರೋಣ. 3.24 ನಿಜ ಅಂದಮೇಲೆ 4.2 ಎಲ್ಲಿಂದ ಬಂತು? ಮೊದಲು ತೋಪಿನ ಮೇಲೆ ಅನುಮಾನ. ಸಿಗ್ನಲ್ ಎಲೆ, ಕಾಂಡಕ್ಕೆ ತಾಕಿ ಸುತ್ತಿ ಬರುತ್ತದಲ್ಲ, ಗೆರೆ ಅಲ್ಲಿ ಅಡ್ಡಾದಿಡ್ಡಿ ಆಗಿಯೇ ಇತ್ತು. ಆದರೆ ತುಂಡು ತುಂಡಾಗಿ ಕತ್ತರಿಸಿ ನೋಡಿದರೆ ತೋಪಿನಲ್ಲಿ ಬರೀ 60 ಮೀಟರ್ ಜಾಸ್ತಿ. ಫೋನು ನಾವಿರುವ ಜಾಗವನ್ನು ಸೆಕೆಂಡಿಗೊಂದು ಚುಕ್ಕೆಯಾಗಿ ಗುರುತಿಸಿ ಗೆರೆ ಮಾಡುತ್ತದೆ, ಅದರ ಬದಲು ಹತ್ತು ಸೆಕೆಂಡಿಗೊಂದು ಇಟ್ಟು ನೋಡಿದೆ. ಉದ್ದ ಇಳಿಯಿತು ನಿಜ, ಜೊತೆಗೆ ಸೇತುವೆ ಹತ್ತಿರದ ತಿರುವುಗಳೂ ಕೊಚ್ಚಿಹೋದವು, ನಾವು ಹಳ್ಳದ ನೀರಿನಲ್ಲೇ ನಡೆದ ಹಾಗೆ ಕಾಣಿಸಿತು.

ಕೊನೆಗೆ ಗೆರೆಯನ್ನು ಪೂರ್ತಿ ದೊಡ್ಡದು ಮಾಡಿ ನೋಡುತ್ತಾ ಕೂತೆ. ದಾರಿಯುದ್ದಕ್ಕೂ ಅಲ್ಲಲ್ಲಿ ಸಿಕ್ಕುಗಟ್ಟಿದ ನೂಲಿನ ಉಂಡೆಗಳು. ಒಂದು ಉಂಡೆಯ ಸಮಯ ನೋಡಿದೆ: 14 ನಿಮಿಷ. ಇರುವೆ ಸಾಲು! ಮಗಳು ಕುಕ್ಕರಗಾಲಲ್ಲಿ ಕೂತು ಇರುವೆಗಳಿಗೆ ಹೆಸರಿಡುತ್ತಿದ್ದಳು, ಫೋನು ನನ್ನ ಜೇಬಿನಲ್ಲಿ ತನ್ನಷ್ಟಕ್ಕೆ ನಡೆಯುತ್ತಿತ್ತು. ನಿಂತಲ್ಲೇ ಇದ್ದರೂ ಜಿಪಿಎಸ್ ಚುಕ್ಕೆ ಆಚೀಚೆ ಜಿಗಿಯುತ್ತದೆ, ಆ ಜಿಗಿತವೆಲ್ಲ ಉದ್ದಕ್ಕೆ ಸೇರುತ್ತದೆ. ನಂಬಿಕೆ ಬರದೆ ಫೋನನ್ನು ಒಂದು ಕಲ್ಲಿನ ಮೇಲಿಟ್ಟು 20 ನಿಮಿಷ ಬಿಟ್ಟೆ. ಅಲುಗಾಡದ ಫೋನು 290 ಮೀಟರ್ ನಡೆದಿತ್ತು. ಆ ದಿನ ನಾವು ಒಟ್ಟು ನಿಂತಿದ್ದು 65 ನಿಮಿಷ. ಗುಣಿಸಿ ನೋಡಿ, ಸುಮಾರು 940 ಮೀಟರ್. ಕಳ್ಳ ಸಿಕ್ಕ.

ಸರಿ, ಸುಲಭ ಅಂದುಕೊಂಡೆ. ಗಂಟೆಗೆ 2 ಕಿ.ಮೀ.ಗಿಂತ ನಿಧಾನ ಇದ್ದ ಚುಕ್ಕೆಗಳನ್ನೆಲ್ಲ ಕಿತ್ತು ಹಾಕು ಅಂತ ಕಂಪ್ಯೂಟರಿಗೆ ಎರಡು ಸಾಲಿನ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬರೆದೆ. ಬಂದ ಉತ್ತರ 2.5 ಕಿ.ಮೀ. ಈಗ ದಾರಿ ನಕ್ಷೆಗಿಂತಲೂ ಗಿಡ್ಡ! ತುಂಬಾ ಹೊತ್ತು ಸ್ಕ್ರಿಪ್ಟನ್ನೇ ಬೈದೆ, ಆಮೇಲೆ ಹೊಳೆಯಿತು. ಏರಿನಲ್ಲಿ ಮಗಳ ವೇಗ ಗಂಟೆಗೆ 1.6 ಕಿ.ಮೀ. ಅವಳು ಕಷ್ಟಪಟ್ಟು ನಡೆದಿದ್ದನ್ನೆಲ್ಲ ನನ್ನ ಲೆಕ್ಕ "ನಿಂತಿದ್ದಾಳೆ" ಅಂತ ಅಳಿಸಿತ್ತು. ತಾನಾಗಿ ನಿಲ್ಲುವ ಸೌಲಭ್ಯ ಇರುವ ಆ್ಯಪ್‌ಗಳಲ್ಲೂ ಮಕ್ಕಳ ಜೊತೆ ಹೋದಾಗ ಹೀಗೇ ಆಗಬಹುದು, ನೋಡಿಕೊಳ್ಳಿ. ಈಗ ವೇಗ ನೋಡುವುದನ್ನೇ ಬಿಟ್ಟಿದ್ದೇನೆ. ಒಂದು ನಿಮಿಷ ಕಳೆದರೂ 10 ಮೀಟರಿನ ವೃತ್ತ ದಾಟದಿದ್ದರೆ ಆ ಚುಕ್ಕೆಗಳನ್ನೆಲ್ಲ ಒಂದೇ ಚುಕ್ಕೆ ಮಾಡು, ಅಷ್ಟೇ. 1.6ರ ವೇಗದಲ್ಲೂ ನಿಮಿಷಕ್ಕೆ ಸುಮಾರು 27 ಮೀಟರ್ ಆಗುತ್ತದೆ, ಮಗು ವೃತ್ತ ದಾಟುತ್ತದೆ, ಇರುವೆ ನೋಡುವವಳು ದಾಟಲ್ಲ. ಉತ್ತರ 3.29. ಚಕ್ರಕ್ಕೂ ಫೋನಿಗೂ ಈಗ 50 ಮೀಟರ್ ಜಗಳ, ಅದನ್ನು ಅವರೇ ಬಗೆಹರಿಸಿಕೊಳ್ಳಲಿ.

ಸಮಯದ ಅಂಕಿಯನ್ನೂ ಇದೇ ಬಿಸಿಯಲ್ಲಿ ತಿದ್ದಿದೆ. ಮೊದಲು ನೇಸ್ಮಿತ್ ಸೂತ್ರ ಹಾಕಿದ್ದೆ, ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟಿದ್ದು: ಮೂರು ಮೈಲಿಗೆ ಒಂದು ಗಂಟೆ, ಎರಡು ಸಾವಿರ ಅಡಿ ಏರಿಗೆ ಮತ್ತೊಂದು ಗಂಟೆ. ಅದರ ಪ್ರಕಾರ ಈ ದಾರಿ 43 ನಿಮಿಷ. ನಮಗೆ ಹಿಡಿದಿದ್ದು ಎರಡೂಕಾಲು ಗಂಟೆ. ಅವರ ಜೊತೆ ಇರುವೆಗೆ ಹೆಸರಿಡುವವರು ಯಾರೂ ಇರಲಿಲ್ಲ ಅನ್ನಿಸುತ್ತದೆ. ನಾನು ಸುಮ್ನೆ ಮೂರರಿಂದ ಗುಣಿಸಿ "ಎರಡರಿಂದ ಎರಡೂವರೆ ಗಂಟೆ" ಅಂತ ಬರೆದೆ. ಅಮ್ಮ ಓದಿ, "ಇದು ಸರಿ, ಆದರೆ ಕೂರೋಕೆ ಎಲ್ಲಿ ಜಾಗ ಇದೆ ಅಂತ ಹಾಕಿಲ್ವಲ್ಲೋ" ಅಂದರು. ಹಾಕಿದೆ. ನೂಲಿನ ಉಂಡೆ ಇದ್ದ ಕಡೆಯೆಲ್ಲ ಒಂದೊಂದು ಬೆಂಚಿನ ಗುರುತು. ನಿಜವಾದ ಬೆಂಚು ಇರುವುದು ಒಂದೇ, ಉಳಿದವು ಕಲ್ಲು ಮತ್ತು ಬಿದ್ದ ಮರ.

ಇವತ್ತು ಬೆಳಿಗ್ಗೆ ಹಾಳೆಯ ಮೊದಲ ಪ್ರತಿ ಹಿಡಿದು ಪಕ್ಕದ ಮನೆಯವರು ಮಕ್ಕಳ ಜೊತೆ ಹೋಗಿ ಬಂದರು. ದಾರಿ ಇಷ್ಟ ಆಯಿತಂತೆ, ಸೇತುವೆಯಂತೂ ತುಂಬಾ. ಹೋಗುವ ಮುಂಚೆ ಮೆಲ್ಲಗೆ ಹೇಳಿದರು: "ಬೇಜಾರು ಮಾಡ್ಕೋಬೇಡಿ, ನಿಮ್ಮ ಉದ್ದ ತಪ್ಪಿದೆ. ನಮ್ಮ ಫೋನಿನಲ್ಲಿ 4.1 ಬಂತು."